ಆಮ್ಲದಲ್ಲಿ ನೀರು ಒಡೆಯುವ ಕ್ಯಾಟಲಿಸ್ಟ್: ಕೋಬಾಲ್ಟ್ ಆಕ್ಸೈಡ್ ಒಂದು ದಿನವೂ ತಾಳುತ್ತಿಲ್ಲ, ಯಾವ ದಾರಿ ಹಿಡಿಯಲಿ?

ನೀಲಿಸ್ಪಿನೆಲ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಆಮ್ಲದಲ್ಲಿ ನೀರನ್ನು ಒಡೆಯುವಾಗ ಆನೋಡ್ ಬದಿಯಲ್ಲಿ ಆಕ್ಸಿಜನ್ ಬರುತ್ತದಲ್ಲ, ಆ ಓಇಆರ್ ಕ್ರಿಯೆಗೆ ಇರಿಡಿಯಂ ಎಂಬ ಅಪರೂಪದ ಲೋಹ ಬೇಡದ ಕ್ಯಾಟಲಿಸ್ಟ್ ಹುಡುಕುವುದು ನನ್ನ ಕೆಲಸ. ಕೋಬಾಲ್ಟ್ ಆಕ್ಸೈಡ್ ಸ್ಪಿನೆಲ್‌ನಿಂದ (Co3O4, ಸ್ಪಿನೆಲ್ ಅಂದರೆ ಒಂದು ಬಗೆಯ ಹರಳು ರಚನೆ) ಶುರು ಮಾಡಿದ್ದೇನೆ. ಹೈಡ್ರೋಥರ್ಮಲ್ ವಿಧಾನದಲ್ಲಿ ಕಾರ್ಬನ್ ಪೇಪರ್ ಮೇಲೆ ಬೆಳೆಸಿ, ಗಾಳಿಯಲ್ಲೇ 350 ಡಿಗ್ರಿಗೆ ಕಾಯಿಸುತ್ತೇನೆ. ಲೋಡಿಂಗ್ (ಹಾಕಿದ ಕ್ಯಾಟಲಿಸ್ಟ್ ಪ್ರಮಾಣ) ಚದರ ಸೆಂಟಿಮೀಟರಿಗೆ ಸುಮಾರು 1 ಮಿಲಿಗ್ರಾಂ, ಎಲೆಕ್ಟ್ರೋಡ್ ಅಳತೆ 1 ಚದರ ಸೆಂಟಿಮೀಟರ್. ಅರ್ಧ ಮೋಲಾರ್ ಸಲ್ಫ್ಯೂರಿಕ್ ಆಮ್ಲ 50 ಮಿಲಿಲೀಟರ್, ರೆಫರೆನ್ಸ್ ಸಿಲ್ವರ್–ಸಿಲ್ವರ್ ಕ್ಲೋರೈಡ್, ಕೌಂಟರ್‌ಗೆ ಪ್ಲಾಟಿನಂ ತಂತಿ.

10 ಮಿಲಿಆಂಪಿಯರ್‌ನಲ್ಲಿ ಇಟ್ಟರೆ ಶುರುವಿಗೆ 1.70 ವೋಲ್ಟ್ ತೋರಿಸುತ್ತದೆ (ಆರ್‌ಎಚ್‌ಇ, ಅಂದರೆ ಹೈಡ್ರೋಜನ್ ರೆಫರೆನ್ಸ್ ಎಲೆಕ್ಟ್ರೋಡಿಗೆ ಹೋಲಿಸಿ). ಮೊದಲ ಕೆಲವು ಗಂಟೆ ಗೆರೆ ಚಪ್ಪಟೆಯಾಗಿಯೇ ಇರುತ್ತದೆ. ಆಮೇಲೆ ನಿಧಾನಕ್ಕೆ ಏರುತ್ತದೆ, 20 ಗಂಟೆ ಹತ್ತಿರ ಬಂದಾಗ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಆಮ್ಲವನ್ನು ಬೆಳಕಿಗೆ ಹಿಡಿದು ನೋಡಿದರೆ ತಿಳಿಯಾಗಿಯೇ ಇದೆ, ಗುಲಾಬಿ ಬಣ್ಣ ಇಲ್ಲ. ಹಾಗಾಗಿ ಕೋಬಾಲ್ಟ್ ಕರಗಿಲ್ಲ, ಮೇಲ್ಮೈಯೇ ಹೇಗೋ ಸತ್ತುಹೋಗಿದೆ ಅನ್ನುವುದು ನನ್ನ ಊಹೆ.

ನಮ್ಮ ಗೈಡ್ ಮ್ಯಾಂಗನೀಸ್ ಡೋಪ್ ಮಾಡಿ (ಹರಳಿಗೆ ಬೆರೆಸಿ) ನೋಡು ಅನ್ನುತ್ತಾರೆ. ಸೀನಿಯರ್ ಒಬ್ಬರು ಆಕ್ಸಿಜನ್ ವೇಕೆನ್ಸಿ (ಹರಳಿನಲ್ಲಿ ಆಕ್ಸಿಜನ್ ಇಲ್ಲದ ಖಾಲಿ ಜಾಗ) ಹೆಚ್ಚಿಸು, ಆಕ್ಟಿವಿಟಿ ಏರುತ್ತದೆ ಅನ್ನುತ್ತಾರೆ. ಯಾವುದನ್ನು ಮೊದಲು ಹಿಡಿಯಲಿ? ಇನ್ನೊಂದು ಪ್ರಶ್ನೆಯೂ ತಲೆಯಲ್ಲಿದೆ: ಕ್ಷಾರದಲ್ಲಿ ನಿಕಲ್–ಕಬ್ಬಿಣ ಇಷ್ಟು ಚೆನ್ನಾಗಿ ಕೆಲಸ ಮಾಡುವಾಗ ಆಮ್ಲದ ಹಿಂದೆ ಬೀಳುವುದು ಯಾಕೆ?

ಆನೋಡ್ ಬದಿ ಉತ್ತರ

ಮೊದಲು ಆ ಬಣ್ಣದ ವಿಚಾರ ಮುಗಿಸೋಣ, ನಿಮ್ಮ ಇಡೀ ಊಹೆ ನಿಂತಿರುವುದು ಅದರ ಮೇಲೆ. 1 ಮಿಲಿಗ್ರಾಂ ಕೋಬಾಲ್ಟ್ ಆಕ್ಸೈಡ್ ಅಂದರೆ ಸುಮಾರು 12.5 ಮೈಕ್ರೋಮೋಲ್ ಕೋಬಾಲ್ಟ್. ಅದು ಪೂರ್ತಿ ಕರಗಿ 50 ಮಿಲಿಲೀಟರಿನಲ್ಲಿ ಹರಡಿದರೂ ಕಾಲು ಮಿಲಿಮೋಲಾರ್ ಆಗುತ್ತದೆ ಅಷ್ಟೆ. ನೀರಿನಲ್ಲಿರುವ ಕೋಬಾಲ್ಟ್ ಅಯಾನಿನ ಗುಲಾಬಿ ತೀರಾ ದುರ್ಬಲ ಬಣ್ಣ. ಆ ಸಾಂದ್ರತೆಯಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಅಂದರೆ ಎಲೆಕ್ಟ್ರೋಡ್ ಮೇಲಿನ ಅಷ್ಟೂ ಕ್ಯಾಟಲಿಸ್ಟ್ ಆಮ್ಲಕ್ಕೆ ಇಳಿದುಹೋಗಿದ್ದರೂ ನಿಮ್ಮ ಬೀಕರ್ ತಿಳಿಯಾಗಿಯೇ ಇರುತ್ತಿತ್ತು. ಅದೇ ದ್ರಾವಣವನ್ನು ಐಸಿಪಿ-ಎಂಎಸ್‌ಗೆ (ದ್ರಾವಣದಲ್ಲಿನ ಲೋಹ ಅಳೆಯುವ ಯಂತ್ರ) ಕೊಡಿ. ಪೂರ್ತಿ ಕರಗಿದ್ದರೆ ಲೀಟರಿಗೆ 15 ಮಿಲಿಗ್ರಾಂ ಹತ್ತಿರ ಬರಬೇಕು, ಆ ಯಂತ್ರವೋ ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೂ ಹಿಡಿಯುತ್ತದೆ. ಡೋಪಿಂಗ್, ವೇಕೆನ್ಸಿ ಎಲ್ಲ ಆಮೇಲೆ. ಈ ಒಂದು ಅಳತೆ ಕೈಗೆ ಬರುವವರೆಗೆ ಹೊಸ ಸ್ಯಾಂಪಲ್ ಮಾಡಲೇಬೇಡಿ ಅನ್ನುವುದು ನನ್ನ ಸಲಹೆ.

ಚಪ್ಪಟೆ ಗೆರೆಯನ್ನೂ ನಂಬಬೇಡಿ. ಹೈಡ್ರೋಥರ್ಮಲ್‌ನಲ್ಲಿ ಬೆಳೆದ ಪದರ ದಪ್ಪಗಿರುತ್ತದೆ, ಮೇಲಿನದು ಕರಗಿದರೆ ಕೆಳಗಿನದು ಹೊರಗೆ ಬಂದು ಕೆಲಸಕ್ಕೆ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ವೋಲ್ಟೇಜ್ ಅಲುಗಾಡಿಲ್ಲ. ದಾಸ್ತಾನು ಮುಗಿದಾಗ ಒಮ್ಮೆಲೇ ಹಾರುತ್ತದೆ. ನೀವು ಬರೆದಿರುವ ಆಕಾರ ಅದಕ್ಕೆ ಸರಿಯಾಗಿ ಹೊಂದುತ್ತದೆ. ಲೋಡಿಂಗ್ ದುಪ್ಪಟ್ಟು ಮಾಡಿದರೆ ಬಾಳಿಕೆಯೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆಯೇ, ನೋಡಿ. ಹಾಗಾದರೆ ಅಲ್ಲಿ ಸ್ಥಿರತೆ ಅನ್ನುವಂಥದ್ದು ಇಲ್ಲ, ಬರೀ ದಾಸ್ತಾನು ಇದೆ. ಎಷ್ಟೋ ಪೇಪರುಗಳಲ್ಲಿ 'ಅತ್ಯುತ್ತಮ ಸ್ಥಿರತೆ' ಎಂದು ಬರೆದಿರುವುದು ಇದನ್ನೇ, ಓದುವಾಗ ಸಂಕಟವಾಗುತ್ತದೆ.

ಇದಕ್ಕಾಗಿಯೇ 2018ರಲ್ಲಿ ಗೈಗರ್, ಚೆರೆವ್ಕೊ ಮೊದಲಾದವರು ಎಸ್-ನಂಬರ್ ಎಂಬ ಅಳತೆ ತಂದರು. ಲೋಹದ ಒಂದು ಪರಮಾಣು ಕರಗಿ ಹೋಗುವಷ್ಟರಲ್ಲಿ ಎಷ್ಟು ಆಕ್ಸಿಜನ್ ಅಣು ಹೊರಬಂತು ಎನ್ನುವ ಲೆಕ್ಕ. ಲೋಡಿಂಗ್ ಎಷ್ಟಿದ್ದರೂ, ಮೇಲ್ಮೈ ವಿಸ್ತೀರ್ಣ ಎಷ್ಟಿದ್ದರೂ ಈ ಸಂಖ್ಯೆಗೆ ಸಂಬಂಧವಿಲ್ಲ. ಅದೇ ಅದರ ಸೊಗಸು. ನಿಮ್ಮದನ್ನೇ ಹಾಕಿ ನೋಡೋಣ. 10 ಮಿಲಿಆಂಪಿಯರ್ ಒಂದು ಗಂಟೆ ಹರಿದರೆ 36 ಕೂಲಂಬ್. ಪ್ರತಿ ಆಕ್ಸಿಜನ್ ಅಣುವಿಗೆ ನಾಲ್ಕು ಎಲೆಕ್ಟ್ರಾನ್, ಹಾಗಾಗಿ 93 ಮೈಕ್ರೋಮೋಲ್ ಆಕ್ಸಿಜನ್. 20 ಗಂಟೆಗೆ ಸುಮಾರು 1,870 ಮೈಕ್ರೋಮೋಲ್. ಅಷ್ಟರಲ್ಲಿ ಕೋಬಾಲ್ಟಿನ ಮೂರನೇ ಒಂದು ಭಾಗ ಹೋಯಿತು ಅಂತ ಇಟ್ಟುಕೊಂಡರೆ ಎಸ್-ನಂಬರ್ 450ರ ಆಸುಪಾಸು ನಿಲ್ಲುತ್ತದೆ. ಚೆನ್ನಾಗಿ ಕಾಯಿಸಿದ ಹರಳುರೂಪದ ಇರಿಡಿಯಂ ಡೈಆಕ್ಸೈಡ್ ಇದೇ ಲೆಕ್ಕದಲ್ಲಿ ಲಕ್ಷಗಳಲ್ಲಿ ಇರುತ್ತದೆ. ನಿಮಗೂ ಇರಿಡಿಯಂಗೂ ನಡುವಿನ ನಿಜವಾದ ಅಂತರ ಇದು. ಓವರ್‌ಪೊಟೆನ್ಷಿಯಲ್‌ನಲ್ಲಿ (ಸಿದ್ಧಾಂತದ ಕನಿಷ್ಠಕ್ಕಿಂತ ಹೆಚ್ಚು ಕೊಡಬೇಕಾದ ವೋಲ್ಟೇಜ್) ಕಾಣುವ ಆ ನೂರಿನ್ನೂರು ಮಿಲಿವೋಲ್ಟ್ ಇದರ ಮುಂದೆ ಸಣ್ಣದು.

ಆದರೆ ಆ 1,870 ಕೂಡ ನಿಜವೇ? ಅನುಮಾನ. ನಿಮ್ಮ ಕಾರ್ಬನ್ ಪೇಪರ್ ಕಣ್ಣಿಗೆ ಚುಚ್ಚುತ್ತಿದೆ. ಕಾರ್ಬನ್ ನೀರಿನೊಂದಿಗೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಲು ಬೇಕಾದ ಪೊಟೆನ್ಷಿಯಲ್ ಬರೀ 0.21 ವೋಲ್ಟ್. ಕ್ರಿಯೆ ನಿಧಾನ ಎಂಬ ಒಂದೇ ಕಾರಣಕ್ಕೆ ಕಾರ್ಬನ್ ಬದುಕಿರುತ್ತದೆ. ಆಮ್ಲದಲ್ಲಿ 1.7 ವೋಲ್ಟಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಅದೂ ಸುಡುತ್ತದೆ, ಆ ಕರೆಂಟೂ ನಿಮ್ಮ ಆಕ್ಸಿಜನ್ ಖಾತೆಗೇ ಜಮೆಯಾಗುತ್ತದೆ. ಕೊನೆಯಲ್ಲಿ ವೋಲ್ಟೇಜ್ ಹಾರಿದ್ದಕ್ಕೆ ಕೋಬಾಲ್ಟ್ ಮುಗಿದದ್ದು ಕಾರಣವೋ, ಕೆಳಗಿನ ನಾರು ಸವೆದು ಪದರ ಕಳಚಿದ್ದು ಕಾರಣವೋ, ಈಗ ಹೇಳಲು ಆಗುವುದಿಲ್ಲ. ಎಫ್‌ಟಿಒ ಗಾಜಿನ (ವಿದ್ಯುತ್ ಹರಿಸುವ ಲೇಪನವಿರುವ ಗಾಜು) ಮೇಲೆ ಬೆಳೆಸಿ. ಅದರ ರೋಧ ಹೆಚ್ಚು, ಐಆರ್ (ರೋಧದಲ್ಲಿ ಕಳೆದುಹೋಗುವ ವೋಲ್ಟೇಜ್) ಸರಿಪಡಿಸುವುದನ್ನು ಜೋಪಾನವಾಗಿ ಮಾಡಬೇಕು, ಆದರೆ ಆಮ್ಲದಲ್ಲಿ ನಿಲ್ಲುತ್ತದೆ. ಜೊತೆಗೆ ಹೊರಬರುವ ಅನಿಲವನ್ನು ಅಳೆಯಿರಿ. ಕೌಂಟರ್ ಬದಿಯ ಹೈಡ್ರೋಜನ್ ಬೆರೆಯದಂತೆ ಬೇರ್ಪಡಿಸಿದರೆ, ಗಂಟೆಗೆ ಸುಮಾರು 2.3 ಮಿಲಿಲೀಟರ್ ಆಕ್ಸಿಜನ್ ಸಿಗಬೇಕು. ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇದ್ದರೆ ಕಾರ್ಬನ್ ಡೈಆಕ್ಸೈಡ್ ಇದೆಯೇ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ರೆಫರೆನ್ಸ್ ಕೂಡ ಬದಲಿಸಿ. ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡಿನಿಂದ ಕ್ಲೋರೈಡ್ ಸ್ವಲ್ಪಸ್ವಲ್ಪವೇ ಸೋರುತ್ತಿರುತ್ತದೆ. ಆನೋಡಿನಲ್ಲಿ ಅದೂ ಆಕ್ಸಿಡೈಸ್ ಆಗುತ್ತದೆ, ಲೋಹ ಕರಗುವುದಕ್ಕೂ ನೆರವಾಗುತ್ತದೆ. ಸಲ್ಫ್ಯೂರಿಕ್ ಆಮ್ಲದಲ್ಲಿ ಮರ್ಕ್ಯುರಸ್ ಸಲ್ಫೇಟ್ ರೆಫರೆನ್ಸೇ ಸರಿಯಾದ ಜೊತೆ. ದೀರ್ಘ ಪರೀಕ್ಷೆಗೆ ಕೂರಿಸುವ ಮುಂಚೆ ಮತ್ತು ಎತ್ತಿದ ಮೇಲೆ, ಎರಡೂ ಸಲ ಆರ್‌ಎಚ್‌ಇ ಎದುರು ಅಳೆದು ಬರೆದಿಟ್ಟುಕೊಳ್ಳಿ.

ಕರೆಂಟ್ ನಿಲ್ಲಿಸಿದ ಮೇಲೆ ಎಲೆಕ್ಟ್ರೋಡ್ ಆಮ್ಲದಲ್ಲೇ ನೆನೆಯುತ್ತಾ ಇರುತ್ತದೆಯೇ? ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಕೋಬಾಲ್ಟಿಗೆ ಇದು ದೊಡ್ಡ ವಿಷಯ. ಪೊಟೆನ್ಷಿಯಲ್ ಮೇಲಿರುವವರೆಗೆ ಕೋಬಾಲ್ಟ್ ಹೆಚ್ಚಿನ ಆಕ್ಸಿಡೇಷನ್ ಸ್ಥಿತಿಯಲ್ಲಿ ಆಕ್ಸೈಡಾಗಿ ಹಿಡಿದುಕೊಂಡಿರುತ್ತದೆ. ಪೊಟೆನ್ಷಿಯಲ್ ಕೆಳಗಿಳಿದ ತಕ್ಷಣ ಪ್ಲಸ್ ಎರಡಕ್ಕೆ ಬರುವ ದಾರಿ ತೆರೆಯುತ್ತದೆ, ಪ್ಲಸ್ ಎರಡರ ಕೋಬಾಲ್ಟಿಗೆ ಆಮ್ಲದಲ್ಲಿ ಆಕ್ಸೈಡಾಗಿ ನಿಲ್ಲುವ ಜಾಗವೇ ಇಲ್ಲ. ಪೂರ್ಬೇ ನಕ್ಷೆ (ಯಾವ ಪಿಎಚ್, ಪೊಟೆನ್ಷಿಯಲ್‌ನಲ್ಲಿ ಲೋಹ ಯಾವ ರೂಪದಲ್ಲಿರುತ್ತದೆ ಎಂದು ತೋರಿಸುವುದು) ತೆಗೆದು ಎಡಗಡೆ ಮೂಲೆ ನೋಡಿ, ಅಲ್ಲಿ ಬರೀ ಅಯಾನು. ಸ್ವಿಚ್ ಆರಿಸುವ ಮೊದಲು ಎಲೆಕ್ಟ್ರೋಡ್ ಎತ್ತಿಬಿಡಿ.

ಇಷ್ಟಾದ ಮೇಲೆ ಬನ್ನಿ, ಡಿಸೈನ್ ಬಗ್ಗೆ ಮಾತಾಡೋಣ.

ಸ್ಟ್ಯಾಕ್ ಜೋಡಿಸುವವನು ಉತ್ತರ

'ಆಮ್ಲವೇ ಯಾಕೆ' ಅನ್ನುವ ಪ್ರಶ್ನೆಗೆ ನನ್ನ ಕಡೆಯಿಂದ. ನಾನು ಎಲೆಕ್ಟ್ರೋಲೈಸರ್ ಕಟ್ಟುವ ಕೆಲಸದಲ್ಲಿದ್ದೇನೆ, ಕೆಮಿಸ್ಟ್ ಅಲ್ಲ.

ಪಿಇಎಂ (ಪ್ರೋಟಾನ್ ದಾಟಿಸುವ ಪೊರೆಯ) ಸೆಲ್‌ನಲ್ಲಿ ಆಮ್ಲವನ್ನು ಯಾರೂ ಸುರಿಯುವುದಿಲ್ಲ, ಒಳಗೆ ಹೋಗುವುದು ಶುದ್ಧ ನೀರು. ಆಮ್ಲ ಇರುವುದು ನಾಫಿಯಾನ್‌ನಂಥ ಪೊರೆಯ ಸಲ್ಫೋನಿಕ್ ಗುಂಪುಗಳಲ್ಲಿ. ಪೊರೆ ತೆಳು, ಪ್ರೋಟಾನ್ ಸರಾಗವಾಗಿ ದಾಟುತ್ತದೆ, ಹೀಗಾಗಿ ಚದರ ಸೆಂಟಿಮೀಟರಿಗೆ 2 ಆಂಪಿಯರ್ ತಳ್ಳಬಹುದು. ಹೈಡ್ರೋಜನ್ನನ್ನು ಒತ್ತಡದಲ್ಲೇ ಹೊರತೆಗೆಯಬಹುದು. ಸೌರ, ಗಾಳಿ ವಿದ್ಯುತ್ ಏರಿಳಿದರೆ ಸೆಲ್ ಕ್ಷಣದಲ್ಲಿ ಹೊಂದಿಕೊಳ್ಳುತ್ತದೆ. ಕ್ಷಾರದ ಹಳೆಯ ಎಲೆಕ್ಟ್ರೋಲೈಸರ್ ಅಗ್ಗ, ಗಟ್ಟಿ, ಅದನ್ನು ಕೀಳು ಮಾಡುವುದಿಲ್ಲ. ಆದರೆ ಈ ಮೂರೂ ಒಟ್ಟಿಗೆ ಬೇಕೆಂದಾಗ ಪಿಇಎಂ ಕಡೆಗೇ ಕೈ ಹೋಗುತ್ತದೆ.

ಬೆಲೆ ತೆರುವುದು ಆನೋಡಿನಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ ಸಿಗುವ ಇರಿಡಿಯಂ 7ರಿಂದ 8 ಟನ್. ಹೆಚ್ಚಿನದು ದಕ್ಷಿಣ ಆಫ್ರಿಕಾದಿಂದ, ಅದೂ ಪ್ಲಾಟಿನಂ ಗಣಿಯ ಉಪಉತ್ಪನ್ನವಾಗಿ. ಬೇಡಿಕೆ ಬಂತು ಅಂತ ಇರಿಡಿಯಂಗೋಸ್ಕರವೇ ಯಾರೂ ಗಣಿ ತೋಡುವುದಿಲ್ಲ. ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಾಕಿ 2 ವೋಲ್ಟ್, 2 ಆಂಪಿಯರ್‌ನಲ್ಲಿ ನಡೆಸಿದರೆ ಒಂದು ಗಿಗಾವ್ಯಾಟಿಗೆ 500 ಕಿಲೋ ಬೇಕು. ಜಗತ್ತಿನ ಒಂದು ವರ್ಷದ ಇರಿಡಿಯಂ ಅಷ್ಟನ್ನೂ ಇದಕ್ಕೇ ಸುರಿದರೂ 16 ಗಿಗಾವ್ಯಾಟ್ ಮೀರುವುದಿಲ್ಲ.

ಮೇಲಿನವರ ಎಸ್-ನಂಬರ್ ಲೆಕ್ಕವನ್ನು ನಮ್ಮ ಕಡೆಗೆ ಎಳೆದರೆ ಏನಾಗುತ್ತದೆ ನೋಡಿ. 1 ಆಂಪಿಯರ್‌ನಲ್ಲಿ 80,000 ಗಂಟೆ ಬಾಳಬೇಕು, ಅರ್ಧದಷ್ಟು ಇರಿಡಿಯಂ ಹೋದರೆ ಪರವಾಗಿಲ್ಲ ಅಂದುಕೊಳ್ಳಿ. 2 ಮಿಲಿಗ್ರಾಂ ಲೋಡಿಂಗಿಗೆ ಸುಮಾರು 14 ಕೋಟಿ ಎಸ್-ನಂಬರ್ ಬೇಕು. ಲೋಡಿಂಗ್ 0.1 ಮಿಲಿಗ್ರಾಂಗೆ ಇಳಿಸಿದರೆ 280 ಕೋಟಿ ದಾಟುತ್ತದೆ. ಲೋಹ ಕಡಿಮೆ ಮಾಡಿದಷ್ಟೂ ಉಳಿದ ಪ್ರತಿ ಪರಮಾಣುವಿನ ಮೇಲೆ ಭಾರ ಹೆಚ್ಚು. 10 ಮಿಲಿಆಂಪಿಯರ್‌ನಲ್ಲಿ 20 ಗಂಟೆಯ ಗ್ರಾಫ್ ತೋರಿಸಿದರೆ ನಮಗೆ ಏನೂ ತಿಳಿಯುವುದಿಲ್ಲ. ನಮ್ಮ ಸೆಲ್ ನಡೆಯುವುದು 60ರಿಂದ 80 ಡಿಗ್ರಿಯಲ್ಲಿ.

ಆನೋಡ್ ಬದಿ ಉತ್ತರ

ಸ್ಟ್ಯಾಕ್‌ನವರ ಮಾತಿಗೆ ಒಂದು ಸೇರ್ಪಡೆ, ಇಲ್ಲದಿದ್ದರೆ ಓದಿದವರು ಎದೆಗುಂದುತ್ತಾರೆ. ಬೀಕರಿನಲ್ಲಿ ಅಳೆದ ಎಸ್-ನಂಬರ್ ಮತ್ತು ಪೊರೆಗೆ ಅಂಟಿಸಿದ ಸೆಲ್‌ನಲ್ಲಿ ಅಳೆದದ್ದು ಒಂದೇ ಅಲ್ಲ. ಅದೇ ಇರಿಡಿಯಂ ಆಕ್ಸೈಡ್ ಪೊರೆಯ ಸೆಲ್‌ನಲ್ಲಿ ಎಷ್ಟೋ ಪಟ್ಟು ಕಡಿಮೆ ಕರಗುತ್ತದೆ. ಅಲ್ಲಿ ಕ್ಯಾಟಲಿಸ್ಟಿನ ಸುತ್ತ ಹರಿಯುವ ನೀರು ನಾವು ಬೀಕರಿನಲ್ಲಿ ಇಡುವಷ್ಟು ಆಮ್ಲೀಯವಲ್ಲ, ಕರಗುವಿಕೆಯೂ ಆರಂಭದ ಗಂಟೆಗಳ ನಂತರ ಇಳಿಯುತ್ತದೆ. ಬೀಕರ್ ಪರೀಕ್ಷೆ ಹೆಚ್ಚು ಕಠಿಣ. ಎರಡು ಕ್ಯಾಟಲಿಸ್ಟ್‌ಗಳಲ್ಲಿ ಯಾವುದು ಮೇಲು ಎಂದು ಹೋಲಿಸಲು ಅದು ಸಾಕು. ಎಷ್ಟು ವರ್ಷ ಬಾಳುತ್ತದೆ ಎಂದು ಹೇಳಲು ಸಾಲದು.

ಮೇಜಿನ ಸಿದ್ಧಾಂತಿ ಉತ್ತರ

ಡಿಎಫ್‌ಟಿ (ಕಂಪ್ಯೂಟರಿನಲ್ಲಿ ಮಾಡುವ ಕ್ವಾಂಟಂ ಲೆಕ್ಕ) ಕಡೆಯಿಂದ ಎರಡು ಮಾತು. ನೀರು ಆಕ್ಸಿಜನ್ ಆಗುವಾಗ ಲೋಹದ ಮೇಲೆ ಮೊದಲು ಒಎಚ್, ಆಮೇಲೆ ಬರೀ ಆಕ್ಸಿಜನ್, ಆಮೇಲೆ ಒಒಎಚ್ ಕೂರುತ್ತದೆ ಅನ್ನುವುದು ಸಾಮಾನ್ಯವಾಗಿ ಒಪ್ಪುವ ದಾರಿ. ಒಎಚ್, ಒಒಎಚ್ ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು: ಎರಡೂ ಲೋಹವನ್ನು ಒಂದೇ ಆಕ್ಸಿಜನ್ ಮೂಲಕ ಹಿಡಿಯುವುದರಿಂದ, ಒಂದನ್ನು ಬಿಗಿ ಮಾಡಿದರೆ ಇನ್ನೊಂದೂ ಬಿಗಿಯಾಗುತ್ತದೆ. ಆಕ್ಸೈಡ್ ಯಾವುದೇ ಇರಲಿ, ಇವೆರಡರ ನಡುವಿನ ಶಕ್ತಿಯ ಅಂತರ 3.2 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲೇ ಬಂದು ನಿಲ್ಲುತ್ತದೆ. ಆದರ್ಶ ಕ್ಯಾಟಲಿಸ್ಟಿಗೆ ಬೇಕಾದದ್ದು 2.46. ಹೆಚ್ಚುವರಿ 0.74ನ್ನು ಎರಡು ಹೆಜ್ಜೆಗೆ ಹಂಚಿದರೆ ಸುಮಾರು 0.37 ವೋಲ್ಟ್ ಓವರ್‌ಪೊಟೆನ್ಷಿಯಲ್, ಈ ದಾರಿಯಲ್ಲೇ ಹೋದರೆ ಅದನ್ನು ತಪ್ಪಿಸಲು ಆಗುವುದಿಲ್ಲ. ರೋಸ್‌ಮೈಸ್ಲ್, ನೋರ್ಸ್ಕೋವ್ ಮೊದಲಾದವರು 2011ರಲ್ಲಿ ಹತ್ತಾರು ಆಕ್ಸೈಡ್‌ಗಳ ಮೇಲೆ ಇದನ್ನು ತೋರಿಸಿದರು.

ಆದ್ದರಿಂದ ದಾರಿಯನ್ನೇ ಬದಲಿಸುವ ಆಸೆ. ಒಂದು, ಆಕ್ಸೈಡಿನ ಹರಳಿನೊಳಗಿನ ಆಕ್ಸಿಜನ್ನನ್ನೇ ಕ್ರಿಯೆಗೆ ಎಳೆಯುವುದು. ಇನ್ನೊಂದು, ಅಕ್ಕಪಕ್ಕದ ಎರಡು ಲೋಹದ ಮೇಲಿನ ಎರಡು ಆಕ್ಸಿಜನ್ ನೇರವಾಗಿ ಕೂಡಿಕೊಳ್ಳುವಂತೆ ಅಂತರ ಹೊಂದಿಸುವುದು, ಆಗ ಒಒಎಚ್ ಬರುವುದೇ ಇಲ್ಲ. ಕಾಗದದ ಮೇಲೆ ಎರಡೂ 0.37ರ ಗೋಡೆ ದಾಟುತ್ತವೆ. ನಿಮ್ಮ ಸೀನಿಯರ್ ವೇಕೆನ್ಸಿ ಹೆಚ್ಚಿಸಿ ಅನ್ನುವುದು ಮೊದಲನೆಯ ದಾರಿಯತ್ತ ತಳ್ಳುವ ಸಲಹೆ.

ನೀಲಿಸ್ಪಿನೆಲ್ ಉತ್ತರ

ಎಲ್ಲರಿಗೂ ಧನ್ಯವಾದ. ಐಸಿಪಿಗೆ ಸ್ಯಾಂಪಲ್ ಕೊಟ್ಟಿದ್ದೇನೆ, ಎಫ್‌ಟಿಒ ತರಿಸುತ್ತಿದ್ದೇನೆ. ಸಿದ್ಧಾಂತಿ ಸರ್ ಹೇಳಿದ ಮೇಲೆ ಗೊಂದಲ ಇನ್ನೂ ಹೆಚ್ಚಾಗಿದೆ. ಹರಳಿನ ಆಕ್ಸಿಜನ್ ಭಾಗವಹಿಸಿದರೆ ಆಕ್ಟಿವಿಟಿ ಹೆಚ್ಚುತ್ತದೆ ಎಂದಾದರೆ ವೇಕೆನ್ಸಿ ಕಡೆ ಹೋಗುವುದೇ ಸರಿಯಲ್ಲವೇ? ರುಥೇನಿಯಂ ಹೇಗೆ? ಇರಿಡಿಯಂಗಿಂತ ಅಗ್ಗ, ಆಕ್ಟಿವಿಟಿಯೂ ಮೇಲು ಅನ್ನುತ್ತಾರೆ.

ಆನೋಡ್ ಬದಿ ಉತ್ತರ

ನೀವು ಎತ್ತಿದ ಎರಡೂ ಪ್ರಶ್ನೆಗೆ ಮೂಲದಲ್ಲಿ ಉತ್ತರ ಒಂದೇ.

ಹರಳಿನ ಆಕ್ಸಿಜನ್ ಹೊರಗೆ ಹೋಯಿತು ಅಂದರೆ ಅಲ್ಲೊಂದು ಖಾಲಿ ಜಾಗ ಉಳಿಯಿತು. ಸುತ್ತಲಿನ ಲೋಹದ ಪರಮಾಣುವನ್ನು ಹಿಡಿದಿದ್ದ ಒಂದು ಬಂಧ ಕಡಿಮೆಯಾಯಿತು. ನೀರು ಬೇಗ ಬಂದು ಆ ಜಾಗ ತುಂಬಿದರೆ ಸರಿ. ತುಂಬುವ ಮುಂಚೆ ಇನ್ನೊಂದು ಬಂಧ ಹೋದರೆ ಆ ಲೋಹ ಅಯಾನಾಗಿ ಎದ್ದು ಹೋಗುತ್ತದೆ. ಕ್ಷಾರದಲ್ಲಿ ಹೋದ ಲೋಹ ಹೈಡ್ರಾಕ್ಸೈಡಾಗಿ ಮತ್ತೆ ಕೂರುವ ಅವಕಾಶವಾದರೂ ಇದೆ. ಆಮ್ಲದಲ್ಲಿ ಹೋದದ್ದು ಹೋಯಿತು. ಅಂದರೆ ಆಕ್ಟಿವಿಟಿ ಕೊಡುವ ಸಡಿಲತೆಯೇ ಕರಗುವುದಕ್ಕೂ ಬಾಗಿಲು. ಇರಿಡಿಯಂನಲ್ಲೇ ಇದನ್ನು ನೋಡಬಹುದು: ಅಸ್ಫಟಿಕ, ನೀರು ಕುಡಿದ ಇರಿಡಿಯಂ ಆಕ್ಸೈಡಿನ ಆಕ್ಟಿವಿಟಿ ಹೆಚ್ಚು, ಕರಗುವುದೂ ಹೆಚ್ಚು. ರೂಟೈಲ್ ರಚನೆಯ ಹರಳು ಸ್ವಲ್ಪ ಮಂದ, ಆದರೆ ಗಟ್ಟಿ. 2016ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಸ್ಟ್ರಾನ್ಷಿಯಂ ಇರಿಡೇಟ್ ಕೆಲಸ ನಿಮಗೆ ಗೊತ್ತಿರಬೇಕು. ಸ್ಟ್ರಾನ್ಷಿಯಂ ಆಮ್ಲಕ್ಕೆ ಸೋರಿ ಮೇಲೆ ಉಳಿದ ಇರಿಡಿಯಂ ಆಕ್ಸೈಡ್ ಪದರ 10 ಮಿಲಿಆಂಪಿಯರಿಗೆ 270ರಿಂದ 290 ಮಿಲಿವೋಲ್ಟ್ ಓವರ್‌ಪೊಟೆನ್ಷಿಯಲ್ ಮಾತ್ರ ತೋರಿಸಿತು. ಸುಂದರವಾದ ಕೆಲಸ, ನನಗೆ ಈಗಲೂ ಇಷ್ಟ. ಆದರೆ ಆಮೇಲೆ ಇಂಥ ಪೆರೋವ್‌ಸ್ಕೈಟ್‌ಗಳ (ಸ್ಟ್ರಾನ್ಷಿಯಂ ಇರಿಡೇಟಿನ ಹರಳು ಬಗೆ) ಎಸ್-ನಂಬರ್ ಅಳೆದಾಗ ಅವು ಹರಳು ಇರಿಡಿಯಂ ಆಕ್ಸೈಡಿಗಿಂತ ಬಹಳ ಕೆಳಗೆ ನಿಂತವು.

ಹಾಗಾಗಿ ಸಿದ್ಧಾಂತಿಯವರ ಎರಡು ದಾರಿಗಳಲ್ಲಿ ಎರಡನೆಯದರ ಮೇಲೆ ನನಗೆ ಭರವಸೆ ಹೆಚ್ಚು. ಅಕ್ಕಪಕ್ಕದ ಎರಡು ಲೋಹದ ಮೇಲೆ ಆಕ್ಸಿಜನ್ ಕೂಡಿಕೊಂಡರೆ ಹರಳಿನಿಂದ ಏನನ್ನೂ ಕೀಳಬೇಕಿಲ್ಲ. ಯಾವ ದಾರಿಯಲ್ಲಿ ನಡೆಯುತ್ತಿದೆ ಎಂದು ಹೇಳಲು ಆಕ್ಸಿಜನ್-18 ಹಾಕಿದ ನೀರು ಬಳಸಿ, ಬರುವ ಅನಿಲದ ದ್ರವ್ಯರಾಶಿಯನ್ನು ಡಿಇಎಂಎಸ್‌ನಲ್ಲಿ (ಎಲೆಕ್ಟ್ರೋಡಿಗೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್) ಆಗಲೇ ನೋಡಬೇಕು. ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ರೇಯಿಂದ ಮೇಲ್ಮೈ ಪರೀಕ್ಷಿಸುವ ವಿಧಾನ) 531 ಎಲೆಕ್ಟ್ರಾನ್ ವೋಲ್ಟ್ ಹತ್ತಿರದ ಉಬ್ಬು ತೋರಿಸಿ 'ವೇಕೆನ್ಸಿ ಹೆಚ್ಚಿದೆ' ಎನ್ನುವುದನ್ನು ದಯವಿಟ್ಟು ಕಲಿಯಬೇಡಿ. ಗಾಳಿಗೆ ಒಡ್ಡಿದ ಯಾವ ಆಕ್ಸೈಡಿನ ಮೇಲೂ ಹೈಡ್ರಾಕ್ಸಿಲ್, ನೀರು ಕೂತಿರುತ್ತವೆ, ಅವೂ ಅಲ್ಲೇ ಕಾಣುತ್ತವೆ.

ರುಥೇನಿಯಂ. ಆಕ್ಟಿವಿಟಿ ಇರಿಡಿಯಂಗಿಂತ ಮೇಲು ಎನ್ನುವುದು ನಿಜ. ಆದರೆ 1.4 ವೋಲ್ಟ್ ದಾಟಿದರೆ ಅದು ಪ್ಲಸ್ ಎಂಟರ ಸ್ಥಿತಿಗೆ ಹೋಗಿ ರುಥೇನಿಯಂ ಟೆಟ್ರಾಕ್ಸೈಡ್ ಆಗುತ್ತದೆ, ಅದು ಕರಗುತ್ತದೆ, ಆವಿಯಾಗಿಯೂ ಹಾರುತ್ತದೆ. ಆವಿ ವಿಷಕಾರಿ, ಫ್ಯೂಮ್ ಹುಡ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಇಲ್ಲಿನ ಒಳ್ಳೆಯ ಡಿಸೈನ್‌ಗಳೆಲ್ಲ ರುಥೇನಿಯಂ ಅತಿಯಾಗಿ ಆಕ್ಸಿಡೈಸ್ ಆಗದಂತೆ ಪಕ್ಕದಲ್ಲಿ ಎಲೆಕ್ಟ್ರಾನ್ ಕೊಡುವ ಲೋಹ ಇಡುವುದು, ಹರಳಿನ ಆಕ್ಸಿಜನ್ನನ್ನು ಬಿಗಿ ಮಾಡುವುದು ಎಂಬ ದಿಕ್ಕಿನಲ್ಲೇ ಇವೆ. 2023ರಲ್ಲಿ ರೈಸ್ ವಿಶ್ವವಿದ್ಯಾಲಯದ ಗುಂಪು ನಿಕಲ್ ಸೇರಿಸಿದ ರುಥೇನಿಯಂ ಡೈಆಕ್ಸೈಡನ್ನು ಪಿಇಎಂ ಸೆಲ್‌ನಲ್ಲೇ ಹಾಕಿ, 200 ಮಿಲಿಆಂಪಿಯರ್‌ನಲ್ಲಿ 1,000 ಗಂಟೆ ದಾಟಿಸಿತು. ನಾನು ಮೆಚ್ಚುವುದು ಅವರು ಸೆಲ್‌ನಲ್ಲಿ ಕೂರಿಸಿದ್ದನ್ನು.

ಈಗ ನಿಮ್ಮ ಕೋಬಾಲ್ಟ್. ನಿಮ್ಮ ಗೈಡ್ ಹೇಳಿದ ಮ್ಯಾಂಗನೀಸ್ ಸುಮ್ಮನೆ ಹೇಳಿದ ಮಾತಲ್ಲ. ಜಪಾನಿನ ರಿಕೆನ್ ಸಂಸ್ಥೆಯವರು 2019ರಲ್ಲಿ ಗ್ಯಾಮಾ ಮ್ಯಾಂಗನೀಸ್ ಡೈಆಕ್ಸೈಡ್ ಮೇಲೆ ಒಂದು ವಿಷಯ ತೋರಿಸಿದರು. ಪೊಟೆನ್ಷಿಯಲ್ ತೀರಾ ಮೇಲೆ ಹೋದರೆ ಮ್ಯಾಂಗನೀಸ್ ಪರ್ಮ್ಯಾಂಗನೇಟಾಗಿ ಕರಗುತ್ತದೆ, ತೀರಾ ಕೆಳಗಿಳಿದರೆ ಪ್ಲಸ್ ಎರಡರ ಅಯಾನಾಗಿ ಹೋಗುತ್ತದೆ, ನಡುವೆ ಒಂದು ಕಿಟಕಿಯಿದೆ. ಆ ಕಿಟಕಿಯೊಳಗೆ ಹಿಡಿದು ನಡೆಸಿದ್ದರಿಂದ ಪಿಎಚ್ 2ರಲ್ಲಿ, 10 ಮಿಲಿಆಂಪಿಯರ್‌ನಲ್ಲಿ 8,000 ಗಂಟೆಗೂ ಮೀರಿ ನಿಂತಿತು. ಹೊಸ ವಸ್ತುವಿಗಿಂತ, ವಸ್ತು ಎಲ್ಲಿ ಬದುಕುತ್ತದೆ ಎಂದು ಹುಡುಕಿದ್ದೇ ಅಲ್ಲಿನ ಗೆಲುವು. ಅದೇ ಗುಂಪು 2022ರಲ್ಲಿ ಕೋಬಾಲ್ಟ್ ಸ್ಪಿನೆಲ್‌ಗೆ ಮ್ಯಾಂಗನೀಸ್ ಬೆರೆಸಿ, ಒಂದು ಮ್ಯಾಂಗನೀಸಿಗೆ ಎರಡು ಕೋಬಾಲ್ಟ್ ಇರುವ ಆಕ್ಸೈಡನ್ನು ಪಿಎಚ್ 1ರಲ್ಲಿ, 200 ಮಿಲಿಆಂಪಿಯರ್‌ನಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ನಡೆಸಿತು. ಬರೀ ಕೋಬಾಲ್ಟ್ ಸ್ಪಿನೆಲ್‌ಗಿಂತ ಬಾಳಿಕೆ ನೂರು ಪಟ್ಟಿನ ಅಂದಾಜಿನಲ್ಲಿ ಹೆಚ್ಚಿತು. ಮ್ಯಾಂಗನೀಸ್ ಅಲ್ಲಿ ಹರಳಿನ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿಯುತ್ತದೆ. ನಿಮ್ಮ ಸೀನಿಯರ್ ಹೇಳಿದ್ದಕ್ಕೆ ಸರಿಯಾಗಿ ಎದುರು ದಿಕ್ಕು. ಅಮೆರಿಕದ ಅರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯದ ಗುಂಪೂ 2023ರಲ್ಲಿ ಲ್ಯಾಂಥನಮ್, ಮ್ಯಾಂಗನೀಸ್ ಎರಡನ್ನೂ ಕೋಬಾಲ್ಟ್ ಸ್ಪಿನೆಲ್‌ಗೆ ಸೇರಿಸಿ ಪಿಇಎಂ ಸೆಲ್ ತನಕ ಒಯ್ದಿತು.

ಹಾಗಾಗಿ ಮ್ಯಾಂಗನೀಸನ್ನೇ ಹಿಡಿಯಿರಿ. ಆದರೆ ಅವರದನ್ನೇ ಮತ್ತೆ ಮಾಡಿದರೆ ಥೀಸಿಸ್ ಆಗುವುದಿಲ್ಲ. ನಿಮ್ಮ ಸ್ಪಿನೆಲ್‌ನಲ್ಲಿ ನಾಲ್ಕು ಆಕ್ಸಿಜನ್ ನಡುವೆ ಕೂರುವ ಜಾಗ ಒಂದು, ಆರರ ನಡುವೆ ಕೂರುವ ಜಾಗ ಇನ್ನೊಂದು. ಮೊದಲನೆಯದರಲ್ಲಿ ಪ್ಲಸ್ ಎರಡರ ಕೋಬಾಲ್ಟ್, ಎರಡನೆಯದರಲ್ಲಿ ಪ್ಲಸ್ ಮೂರರದ್ದು. ಮೊದಲು ಎದ್ದು ಹೋಗುವುದು ಯಾವ ಜಾಗದ್ದು, ಮ್ಯಾಂಗನೀಸ್ ಹೋಗಿ ಕೂತದ್ದು ಎಲ್ಲಿ, ಎರಡೂ ಲೋಹ ಒಂದೇ ವೇಗದಲ್ಲಿ ಕರಗುತ್ತವೆಯೇ, ಪೊಟೆನ್ಷಿಯಲ್ ಬದಲಿಸಿದರೆ ಆ ಅನುಪಾತ ಹೇಗೆ ತಿರುಗುತ್ತದೆ, ಇವನ್ನು ಹಿಡಿಯಿರಿ. ಕಾಯಿಸುವ ತಾಪಮಾನವೂ ನಿಮ್ಮ ಕೈಯಲ್ಲಿದೆ. 350ರಿಂದ ಮೇಲೆ ಹೋಗುತ್ತಾ ಹರಳು ದೊಡ್ಡದಾದಂತೆ ಎಸ್-ನಂಬರ್ ಎಷ್ಟು ಏರುತ್ತದೆ, ಆಕ್ಟಿವಿಟಿ ಎಷ್ಟು ಇಳಿಯುತ್ತದೆ ಎನ್ನುವ ಒಂದೇ ಒಂದು ಪ್ರಾಮಾಣಿಕ ಗ್ರಾಫ್ ಕೊಟ್ಟರೆ ನಾವೆಲ್ಲ ಬಳಸುತ್ತೇವೆ.

ಮೇಜಿನ ಸಿದ್ಧಾಂತಿ ಉತ್ತರ

ವೇಕೆನ್ಸಿ ಬಗ್ಗೆ ಆನೋಡ್ ಬದಿಯವರ ಮಾತು ಒಪ್ಪುತ್ತೇನೆ. ನಮ್ಮ ಲೆಕ್ಕಗಳಲ್ಲಿ ಆಕ್ಟಿವಿಟಿಯ ಹೆಜ್ಜೆಗಳ ಜೊತೆಗೇ ಒಂದು ಲೋಹದ ಅಯಾನನ್ನು ಮೇಲ್ಮೈಯಿಂದ ಎತ್ತಲು ಬೇಕಾದ ಶಕ್ತಿಯನ್ನೂ ಹಾಕಿ ನೋಡಬೇಕು. ಸ್ಯಾಂಪಲ್‌ಗಳ ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ತೆಗೆದ ಹರಳು ರಚನೆಯ ಅಳತೆ) ಕೊಟ್ಟರೆ ಎರಡೂ ಜಾಗಗಳಿಗೆ ಆ ಲೆಕ್ಕ ನಾನು ಮಾಡಿಕೊಡುತ್ತೇನೆ.

ನೀಲಿಸ್ಪಿನೆಲ್ ಉತ್ತರ

ಸಿದ್ಧಾಂತಿ ಸರ್, ಖಂಡಿತ ಕಳಿಸುತ್ತೇನೆ. ಐಸಿಪಿ ಫಲಿತಾಂಶ ಬಂತು: ಲೀಟರಿಗೆ 6 ಮಿಲಿಗ್ರಾಂ ಕೋಬಾಲ್ಟ್. ನೂರರಲ್ಲಿ 40 ಭಾಗ ಹೋಗಿದೆ ಅಂತ ಆಯಿತಲ್ಲ. ಇನ್ನು ಮೇಲೆ ಗಂಟೆಗೊಮ್ಮೆ ಸ್ಯಾಂಪಲ್ ತೆಗೆಯಬೇಕು ಅಂದುಕೊಂಡಿದ್ದೇನೆ. ಕೌಂಟರ್ ಬದಿ ಬೇರ್ಪಡಿಸಲು ನಾಫಿಯಾನ್ ಪೊರೆ ಹಾಕುತ್ತಿದ್ದೇನೆ. ಇದರಲ್ಲಿ ಗಮನಿಸಬೇಕಾದ್ದು ಏನಾದರೂ ಇದೆಯೇ ಸರ್?

ಆನೋಡ್ ಬದಿ ಉತ್ತರ

ಇದೆ, ಕೇಳಿದ್ದು ಒಳ್ಳೆಯದಾಯಿತು. ಆ ಪೊರೆಯೇ ಕೋಬಾಲ್ಟನ್ನು ಹೀರುತ್ತದೆ. ನಾಫಿಯಾನ್ ಅಂದರೆ ಧನ ಅಯಾನು ಬದಲಾಯಿಸುವ ಪೊರೆ, ಪ್ರೋಟಾನ್ ಬಿಟ್ಟುಕೊಟ್ಟು ಪ್ಲಸ್ ಎರಡರ ಕೋಬಾಲ್ಟನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸ್ವಲ್ಪ ಆ ಕಡೆಗೂ ದಾಟಿಸುತ್ತದೆ. ಆನೋಡ್ ಬದಿಯ ಆಮ್ಲವನ್ನಷ್ಟೇ ಅಳೆದರೆ ಕರಗಿದ್ದು ಕಡಿಮೆ ಕಾಣುತ್ತದೆ, ಎಸ್-ನಂಬರ್ ಸುಳ್ಳಾಗಿ ಮೇಲೇರುತ್ತದೆ. ಪರೀಕ್ಷೆ ಮುಗಿದ ಮೇಲೆ ಪೊರೆಯನ್ನು 1 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ ಆ ಆಮ್ಲವನ್ನೂ ಅಳೆಯಿರಿ, ಕೌಂಟರ್ ಬದಿಯ ದ್ರಾವಣವನ್ನೂ ಅಳೆಯಿರಿ. ಎಲೆಕ್ಟ್ರೋಡ್ ಮೇಲೆ ಉಳಿದದ್ದನ್ನು ಕೊನೆಗೆ ಪೂರ್ತಿ ಕರಗಿಸಿ ಅಳೆದು, ಎಲ್ಲ ಕೂಡಿಸಿದಾಗ ಶುರುವಿನಲ್ಲಿ ಹಾಕಿದ ಕೋಬಾಲ್ಟ್ ಸಿಗಬೇಕು. ನೂರಕ್ಕೆ 90 ಭಾಗವಾದರೂ ಲೆಕ್ಕ ಹೊಂದದಿದ್ದರೆ ಆ ಪರೀಕ್ಷೆಯನ್ನು ಗ್ರಾಫಿಗೆ ಹಾಕಬೇಡಿ.

ಪ್ರತಿ ಸಲ 1 ಮಿಲಿಲೀಟರಿಗಿಂತ ಹೆಚ್ಚು ತೆಗೆಯಬೇಡಿ. ತೆಗೆದಷ್ಟು ತಾಜಾ ಆಮ್ಲ ಸೇರಿಸಿ, ಮುಂದಿನ ಲೆಕ್ಕದಲ್ಲಿ ಆ ತೆಳುವಾದದ್ದನ್ನು ಸರಿಪಡಿಸಿಕೊಳ್ಳಿ. ಸಲ್ಫ್ಯೂರಿಕ್ ಆಮ್ಲ ಹಾಗೇ ಯಂತ್ರಕ್ಕೆ ಹೋದರೆ ಸಿಗ್ನಲ್ ಕುಗ್ಗುತ್ತದೆ. ಹತ್ತಾರು ಪಟ್ಟು ತೆಳುಮಾಡಿ, ಕ್ಯಾಲಿಬ್ರೇಷನ್ ದ್ರಾವಣಗಳನ್ನೂ ಅದೇ ಆಮ್ಲದಲ್ಲೇ ಮಾಡಿ. ಕರೆಂಟ್ ಹಾಕುವ ಮುಂಚಿನ ಒಂದು ಸ್ಯಾಂಪಲ್ ಕೂಡ ತೆಗೆದಿಡಿ. ಆಮ್ಲದಲ್ಲಿ ಅದ್ದಿದ ಕೂಡಲೇ ಎಷ್ಟು ಕರಗಿತು ಎಂಬುದು ಅದರಲ್ಲಿ ಸಿಗುತ್ತದೆ, ಅದನ್ನು ಓಇಆರ್‌ನ ಲೆಕ್ಕಕ್ಕೆ ಸೇರಿಸಬಾರದು. ಮ್ಯಾಂಗನೀಸ್ ಸ್ಯಾಂಪಲ್ ಶುರುವಾದಾಗ ಎರಡೂ ಲೋಹದ ಅಂಕಿ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.